ತಕ್ಕ ಜಾಗ ಕಂಡ ಕಣ್ಣು



1967ರ ಆಗಸ್ಟ್ ತಿಂಗಳ ಒಂದು ರಾತ್ರಿ. ಇಂಗ್ಲೆಂಡಿನ ಲಿವರ್‌ಪೂಲ್ ನಗರ. ರಾಯ್ ಮೆಕ್‌ಫಾರ್ಲಂಡ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಟ್ರಾನ್‌ಮಿಯರ್ ರೋವರ್ಸ್ ಎಂಬ ಸಣ್ಣ ಕ್ಲಬ್ಬಿಗೆ ಫುಟ್‌ಬಾಲ್ ಆಡಿ, ಮನೆಗೆ ಬಂದು ಮಲಗಿದ್ದಾನೆ. ಸರಿರಾತ್ರಿಯ ಹೊತ್ತಿಗೆ ಮನೆಯವರು ಅವನನ್ನು ಎಬ್ಬಿಸುತ್ತಾರೆ. ಮಲಗಿದ್ದ ಬಟ್ಟೆಯಲ್ಲೇ ಕಣ್ಣುಜ್ಜಿಕೊಂಡು ಕೆಳಗಿಳಿದು ಬಂದರೆ ಅಲ್ಲಿ ಇಬ್ಬರು ಕೂತಿದ್ದಾರೆ. ಡರ್ಬಿ ಕೌಂಟಿ ಕ್ಲಬ್ಬಿನಿಂದ ಬಂದವರು. ನಮ್ಮಲ್ಲಿಗೆ ಬಾ, ಈಗಲೇ ಸಹಿ ಹಾಕು ಎಂದು ಪಟ್ಟು ಹಿಡಿದಿದ್ದಾರೆ. ಹುಡುಗನಿಗೆ ಮನಸ್ಸಿಲ್ಲ. ತನ್ನೂರಿನ ಲಿವರ್‌ಪೂಲ್ ತಂಡಕ್ಕೆ ಆಡಬೇಕೆಂಬುದು ಅವನ ಚಿಕ್ಕಂದಿನ ಆಸೆ. ಕೊನೆಗೆ ಅವನ ತಂದೆಯೇ ಬಾಯಿಬಿಟ್ಟರು. ಇಷ್ಟು ಹೊತ್ತಿನಲ್ಲಿ ಮನೆ ಹುಡುಕಿಕೊಂಡು ಬಂದಿದ್ದಾರೆಂದರೆ ಇವರಿಗೆ ನೀನು ನಿಜವಾಗಿಯೂ ಬೇಕು, ಹೋಗು ಎಂದರು. ಸಹಿ ಬಿತ್ತು. ಕ್ಲಬ್ಬಿಗೆ ಸಂದ ಹಣ 24,000 ಪೌಂಡ್. ಅದೇ ಹುಡುಗ ಮುಂದೆ ಡರ್ಬಿ ತಂಡದ ನಾಯಕನಾದ, ಇಂಗ್ಲೆಂಡಿನ ಪರವಾಗಿ 28 ಪಂದ್ಯ ಆಡಿದ.

ಆ ರಾತ್ರಿ ಬಂದವರಲ್ಲಿ ಮಾತಿನ ಮಲ್ಲ ಬ್ರಯಾನ್ ಕ್ಲಫ್. ಫುಟ್‌ಬಾಲ್ ಬಲ್ಲವರಿಗೆಲ್ಲ ಗೊತ್ತಿರುವ ಹೆಸರು. ಇನ್ನೊಬ್ಬರು ಪೀಟರ್ ಟೇಲರ್. ಹುಡುಗನನ್ನು ಒಪ್ಪಿಸುವ ಕೆಲಸ ಕ್ಲಫ್ ಅವರದಾದರೆ, ಸಾವಿರಾರು ಆಟಗಾರರ ನಡುವೆ ಈ ಹುಡುಗನೇ ಆಗಬೇಕು ಎಂದು ಕಂಡುಕೊಂಡ ಕಣ್ಣು ಟೇಲರ್ ಅವರದು. ಇವತ್ತು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಆ ಕಣ್ಣಿನ ಬಗ್ಗೆ. ಗೋಲ್‌ಕೀಪರ್ ಆಗಿ ಶುರುಮಾಡಿ, ಮ್ಯಾನೇಜರ್ ಆಗಿ, ಕೋಚ್ ಆಗಿ, ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿಭೆಯನ್ನು ಹುಡುಕುವ ಸ್ಕೌಟ್ ಆಗಿ ಬದುಕಿದ ಒಬ್ಬ ಮನುಷ್ಯನ ಬಗ್ಗೆ.

ಪೀಟರ್ ಟೇಲರ್ ಹುಟ್ಟಿದ್ದು 1928ರ ಜುಲೈ 2ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ. ಹುಡುಗನಾಗಿದ್ದಾಗ ಊರಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನಲ್ಲಿ ಹವ್ಯಾಸಿಯಾಗಿದ್ದರು. ಆಮೇಲೆ ಕೊವೆಂಟ್ರಿ ಸಿಟಿ ಸೇರಿ 86 ಲೀಗ್ ಪಂದ್ಯ ಆಡಿದರು. 1955ರಲ್ಲಿ ಮಿಡಲ್ಸ್‌ಬರೋಗೆ ಹೋಗಿ ಅಲ್ಲಿ 140 ಪಂದ್ಯ ಆಡಿದರು. ದೇಶದ ತಂಡಕ್ಕೆ ಆಯ್ಕೆಯಾಗಲಿಲ್ಲ, ದೊಡ್ಡ ಪ್ರಶಸ್ತಿ ಯಾವುದೂ ಬರಲಿಲ್ಲ. ಆಟಗಾರನಾಗಿ ಅವರದು ಅಷ್ಟೇ ಕಥೆ.

ಆದರೆ ಗೋಲ್‌ಕೀಪರ್ ನಿಲ್ಲುವ ಜಾಗವನ್ನು ಒಮ್ಮೆ ನೆನೆಸಿಕೊಳ್ಳಿ. ಉಳಿದ ಹತ್ತು ಜನರೂ ಚೆಂಡಿನ ಹಿಂದೆ ಓಡುತ್ತಿರುತ್ತಾರೆ. ಇವನೊಬ್ಬ ಮಾತ್ರ ಇಡೀ ಮೈದಾನವನ್ನು ಮುಂದಿಟ್ಟುಕೊಂಡು ತೊಂಬತ್ತು ನಿಮಿಷ ನೋಡುತ್ತ ನಿಂತಿರುತ್ತಾನೆ. ಯಾರು ಚೆಂಡು ಬರುವ ಮೊದಲೇ ಜಾಗ ಹಿಡಿಯುತ್ತಾರೆ, ಯಾರು ತಪ್ಪು ಮಾಡಿದ ಮೇಲೆ ತಲೆ ತಗ್ಗಿಸುತ್ತಾರೆ, ಯಾರಿಗೆ ಎದುರಾಳಿಯ ಬೂಟಿನ ಭಯ, ಎಲ್ಲವೂ ಅವನಿಗೆ ಕಾಣುತ್ತದೆ. ಟೇಲರ್ ಈ ನೋಟವನ್ನು ವ್ಯರ್ಥ ಮಾಡಲಿಲ್ಲ. ಕೊವೆಂಟ್ರಿಯಲ್ಲಿ ಅವರಿಗೆ ಹ್ಯಾರಿ ಸ್ಟೋರರ್ ಎಂಬ ಕಟ್ಟುನಿಟ್ಟಿನ ಮ್ಯಾನೇಜರ್ ಗುರುವಾಗಿ ಸಿಕ್ಕಿದ್ದರು. ಕಾಲಿನ ಚಳಕಕ್ಕಿಂತ ಎದೆಗಾರಿಕೆಯನ್ನು ಮೊದಲು ಅಳೆಯಬೇಕೆಂಬ ಪಾಠ ಅವರಿಂದ ಬಂದದ್ದು.

ನಮ್ಮ ದನಗಳ ಜಾತ್ರೆಯಲ್ಲಿ ಅನುಭವಸ್ಥ ರೈತ ಎತ್ತು ಕೊಳ್ಳುವುದನ್ನು ನೀವು ನೋಡಿರಬಹುದು. ಕೊಂಬಿಗೆ ಬಳಿದ ಬಣ್ಣ, ಕೊರಳಿನ ಗೆಜ್ಜೆಸರ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ನೊಗದ ಎಡಕ್ಕೆ ಸರಿಯೋ ಬಲಕ್ಕೆ ಸರಿಯೋ ಎಂದು ಅಲ್ಲೇ ಲೆಕ್ಕ ಹಾಕಿರುತ್ತಾನೆ. ಟೇಲರ್ ಅವರ ನೋಟ ಆ ಬಗೆಯದು.

ಆ ನೋಟಕ್ಕೆ ಸಿಕ್ಕ ಮೊದಲ ನಿಧಿ ಬ್ರಯಾನ್ ಕ್ಲಫ್. 1955ರಲ್ಲಿ ಟೇಲರ್ ಮಿಡಲ್ಸ್‌ಬರೋಗೆ ಬಂದಾಗ ಕ್ಲಫ್ ಇಪ್ಪತ್ತು ವರ್ಷದ ಹುಡುಗ. ಸೆಂಟರ್ ಫಾರ್ವರ್ಡ್ ಆಗಿ ಆಡುವವರ ಸಾಲಿನಲ್ಲಿ ಎಲ್ಲೋ ಹಿಂದೆ ಇದ್ದ. ಕ್ಲಬ್ಬಿನವರು ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಭ್ಯಾಸ ಪಂದ್ಯದಲ್ಲಿ ಅವನು ಚೆಂಡನ್ನು ಬಲೆಗೆ ಅಟ್ಟುವ ಬಗೆ ನೋಡಿದ ಟೇಲರ್ ಸುಮ್ಮನಿರಲಿಲ್ಲ. ಇವನಂಥ ಗೋಲು ಹೊಡೆಯುವವನು ಇನ್ನೊಬ್ಬನಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದರು. ಆ ಮಾತು ಹುಸಿಯಾಗಲಿಲ್ಲ. ಮಿಡಲ್ಸ್‌ಬರೋ ಪರವಾಗಿ 213 ಲೀಗ್ ಪಂದ್ಯಗಳಲ್ಲಿ ಕ್ಲಫ್ ಹೊಡೆದ ಗೋಲು 197. ವಯಸ್ಸಿನಲ್ಲಿ ಏಳು ವರ್ಷದ ಅಂತರವಿದ್ದರೂ ಇಬ್ಬರೂ ಒಟ್ಟಿಗೆ ಊರೂರು ತಿರುಗಿ ಪಂದ್ಯ ನೋಡಿದರು, ಆಟದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿದರು.

1962ರ ಡಿಸೆಂಬರ್ 26. ಆಗ ಸಂಡರ್‌ಲೆಂಡ್ ತಂಡದಲ್ಲಿದ್ದ ಕ್ಲಫ್ ಎದುರು ತಂಡದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು. ಮೊಣಕಾಲು ಹೋಯಿತು. ಇಪ್ಪತ್ತೇಳನೆಯ ವಯಸ್ಸಿಗೆ ಅವರ ಆಟ ಹೆಚ್ಚುಕಡಿಮೆ ಮುಗಿದೇಹೋಯಿತು. ಟೇಲರ್ ಅದೇ ವರ್ಷ ಆಟ ಬಿಟ್ಟು, ಲೀಗಿನ ಹೊರಗಿದ್ದ ಬರ್ಟನ್ ಆಲ್ಬಿಯನ್ ಎಂಬ ಚಿಕ್ಕ ಕ್ಲಬ್ಬಿಗೆ ಮ್ಯಾನೇಜರ್ ಆಗಿದ್ದರು. 1964ರಲ್ಲಿ ಆ ತಂಡ ಸದರ್ನ್ ಲೀಗ್ ಕಪ್ ಗೆದ್ದಿತು. ಸಂಬಳ ಚೆನ್ನಾಗಿತ್ತು, ಸಂಸಾರ ನೆಮ್ಮದಿಯಾಗಿತ್ತು.

1965ರಲ್ಲಿ ಕ್ಲಫ್ ಅವರಿಗೆ ಮ್ಯಾನೇಜರ್ ಆಗಲು ಹಾರ್ಟ್ಲಿಪೂಲ್ಸ್ ಯುನೈಟೆಡ್ ಕ್ಲಬ್ಬಿನಿಂದ ಕರೆ ಬಂತು. ಲೀಗಿನ ನಾಲ್ಕನೆಯ ಡಿವಿಷನ್ನಿನ ತಳದಲ್ಲಿ ತೆವಳುತ್ತಿದ್ದ ಬಡ ಕ್ಲಬ್ಬು ಅದು. ನೀನು ಬಂದರೆ ಮಾತ್ರ ನಾನು ಒಪ್ಪುತ್ತೇನೆ ಎಂದರು ಕ್ಲಫ್. ಸಂಬಳ ಕಡಿಮೆಯಾದರೂ ಟೇಲರ್ ಹೊರಟರು. ಸಹಾಯಕ ಮ್ಯಾನೇಜರನ್ನು ಇಟ್ಟುಕೊಳ್ಳುವಷ್ಟು ದುಡ್ಡು ಕ್ಲಬ್ಬಿನಲ್ಲಿರಲಿಲ್ಲ. ಹಾಗಾಗಿ ಟ್ರೇನರ್ ಎಂಬ ಹೆಸರಿನಲ್ಲಿ ಸೇರಿದರು. ಪಂದ್ಯದ ದಿನ ಬಕೆಟ್ಟು, ಸ್ಪಂಜು ಹಿಡಿದು, ಪೆಟ್ಟು ತಿಂದ ಆಟಗಾರರತ್ತ ಓಡುವ ಕೆಲಸವೂ ಅವರ ಪಾಲಿಗೇ ಬಂತು. ಒಬ್ಬ ಮ್ಯಾನೇಜರ್ ತಾನಾಗಿ ಕೆಳಗಿಳಿದು ಬಂದು ಎರಡನೆಯವನಾಗುವುದು ಸಣ್ಣ ಮಾತಲ್ಲ. ಎಲ್ಲಿ ತನ್ನ ಕೆಲಸ ಫಲ ಕೊಡುತ್ತದೆಂದು ಅವರಿಗೆ ಗೊತ್ತಿತ್ತು. ಎರಡೇ ವರ್ಷಗಳಲ್ಲಿ ಹಾರ್ಟ್ಲಿಪೂಲ್ಸ್ ಎಂಟನೆಯ ಸ್ಥಾನಕ್ಕೆ ಏರಿತು. ಅಲ್ಲಿ ಜಾನ್ ಮೆಕ್‌ಗವರ್ನ್ ಎಂಬ ಹದಿನಾರು ವರ್ಷದ ಹುಡುಗನನ್ನು ಕಣಕ್ಕಿಳಿಸಿದರು. ಈ ಹೆಸರನ್ನು ನೆನಪಿನಲ್ಲಿಡಿ.

1967ರಲ್ಲಿ ಇಬ್ಬರೂ ಎರಡನೆಯ ಡಿವಿಷನ್ನಿನ ಡರ್ಬಿ ಕೌಂಟಿಗೆ ಬಂದರು. ಮೆಕ್‌ಫಾರ್ಲಂಡ್ ಸಿಕ್ಕ ಕಥೆ ಆಗಲೇ ಹೇಳಿದೆ. ಮರುವರ್ಷ ಟಾಟನ್‌ಹ್ಯಾಮ್ ಕ್ಲಬ್ಬಿನ ಡೇವ್ ಮೆಕಾಯ್ ಅವರನ್ನು 5,000 ಪೌಂಡಿಗೆ ಕರೆತಂದರು. ಮೆಕಾಯ್‌ಗೆ ಆಗ ಮೂವತ್ಮೂರು ವರ್ಷ. ಮೈದಾನದ ಉದ್ದಕ್ಕೂ ಓಡಾಡುವ ಮಿಡ್‌ಫೀಲ್ಡರ್ ಎಂದೇ ಹೆಸರಾದವರು. ಕಾಲು ಸೋತಿದೆ, ಇನ್ನೇನು ಮುಗಿಯಿತು ಎಂದು ಜನ ಅಂದುಕೊಂಡಿದ್ದರು. ಟೇಲರ್ ಲೆಕ್ಕ ಬೇರೆಯೇ ಇತ್ತು. ಓಟ ಕಡಿಮೆಯಾಗಿರಬಹುದು, ಬುದ್ಧಿ ಕಡಿಮೆಯಾಗಿಲ್ಲವಲ್ಲ! ಓಡಲಾರದವರನ್ನು ಓಡಿಸುವುದು ಬೇಡ, ರಕ್ಷಣೆಯ ಸಾಲಿನ ಹಿಂದೆ ನಿಲ್ಲಿಸೋಣ, ಅಲ್ಲಿಂದಲೇ ಹುಡುಗರನ್ನು ನಡೆಸಲಿ ಎಂದರು. 1969ರಲ್ಲಿ ಡರ್ಬಿ ಎರಡನೆಯ ಡಿವಿಷನ್ ಗೆದ್ದಿತು. ಆ ವರ್ಷ ಫುಟ್‌ಬಾಲ್ ಬರಹಗಾರರ ವರ್ಷದ ಆಟಗಾರ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಿದರು. ಅವರಲ್ಲಿ ಮೆಕಾಯ್ ಒಬ್ಬರು.

ಕೇಳುಗರೆ, ಟೇಲರ್ ಅವರ ವಿದ್ಯೆಯ ಗುಟ್ಟು ಇಲ್ಲಿದೆ ಎಂದು ನನ್ನ ಭಾವನೆ. ಒಳ್ಳೆಯ ಆಟಗಾರನನ್ನು ಗುರುತಿಸುವವರು ಬಹಳ ಮಂದಿ ಇದ್ದಾರೆ. ಒಳ್ಳೆಯ ಆಟಗಾರನಿಗೆ ತಕ್ಕ ಜಾಗ ಯಾವುದೆಂದು ಕಾಣುವವರು ಕಡಿಮೆ. ಇಷ್ಟು ದಿನ ಎಲ್ಲಿ ಆಡಿದ್ದಾನೆ ಎಂದು ಟೇಲರ್ ಕೇಳುತ್ತಿರಲಿಲ್ಲ, ಎಲ್ಲಿ ಆಡಬೇಕಾಗಿತ್ತು ಎಂದು ನೋಡುತ್ತಿದ್ದರು.

1972ರಲ್ಲಿ ಡರ್ಬಿ ಕೌಂಟಿ ಮೊದಲ ಬಾರಿಗೆ ಇಂಗ್ಲೆಂಡಿನ ಲೀಗ್ ಚಾಂಪಿಯನ್ ಆಯಿತು. ಆದದ್ದೂ ವಿಚಿತ್ರವಾಗಿ. ತನ್ನ ಪಂದ್ಯಗಳನ್ನೆಲ್ಲ ಮುಗಿಸಿದ ಡರ್ಬಿಗೆ 58 ಅಂಕ ಇತ್ತು. ಲೀಡ್ಸ್, ಲಿವರ್‌ಪೂಲ್ ತಂಡಗಳಿಗೆ ಇನ್ನೊಂದೊಂದು ಪಂದ್ಯ ಉಳಿದಿತ್ತು. ಕ್ಲಫ್ ಮನೆಯವರೊಂದಿಗೆ ರಜೆಗೆ ಹೋಗಿದ್ದರು. ಟೇಲರ್ ಆಟಗಾರರನ್ನು ಕರೆದುಕೊಂಡು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿದ್ದರು. ಮೇ 8ರ ರಾತ್ರಿ ಲೀಡ್ಸ್ ಸೋತಿತು, ಲಿವರ್‌ಪೂಲ್ ಗೆಲ್ಲಲಿಲ್ಲ. ಮೈದಾನದಿಂದ ಅಷ್ಟು ದೂರದಲ್ಲಿ, ಕಡಲ ತೀರದ ಹೋಟೆಲಿನಲ್ಲಿ, ಟೇಲರ್ ಮತ್ತು ಹುಡುಗರು ಚಾಂಪಿಯನ್ನರಾದರು.

ಮರುವರ್ಷ ಡರ್ಬಿ ಯುರೋಪಿಯನ್ ಕಪ್ಪಿನ ಸೆಮಿಫೈನಲ್ ತಲುಪಿತು. ಆದರೆ ಕ್ಲಬ್ಬಿನ ಅಧ್ಯಕ್ಷರೊಂದಿಗೆ ಜಗಳವಾಗಿ, 1973ರ ಅಕ್ಟೋಬರ್‌ನಲ್ಲಿ ಇಬ್ಬರೂ ರಾಜೀನಾಮೆ ಕೊಟ್ಟು ಹೊರಬಂದರು. ಅಲ್ಲಿಂದ ಮೂರನೆಯ ಡಿವಿಷನ್ನಿನ ಬ್ರೈಟನ್‌ಗೆ. 1974ರಲ್ಲಿ ಕ್ಲಫ್ ಲೀಡ್ಸ್ ಯುನೈಟೆಡ್‌ಗೆ ಹೋದರು. ಟೇಲರ್ ಹೋಗಲಿಲ್ಲ, ಬ್ರೈಟನ್ನಿನಲ್ಲೇ ಉಳಿದರು. ಟೇಲರ್ ಇಲ್ಲದ ಕ್ಲಫ್ ಲೀಡ್ಸ್‌ನಲ್ಲಿ ಬಾಳಿದ್ದು 44 ದಿನ. ಕ್ಲಫ್ ಇಲ್ಲದ ಟೇಲರ್ ಬ್ರೈಟನ್ನಿನಲ್ಲಿ ಎರಡು ವರ್ಷ ಬೆವರು ಸುರಿಸಿದರೂ ತಂಡವನ್ನು ಮೇಲಿನ ಡಿವಿಷನ್ನಿಗೆ ಏರಿಸಲಾಗಲಿಲ್ಲ. ಆದರೂ ಕಣ್ಣು ಸುಮ್ಮನಿರಲಿಲ್ಲ. ತಮ್ಮ ಹಳೆಯ ಬರ್ಟನ್ ಕ್ಲಬ್ಬಿನಿಂದ ಪೀಟರ್ ವಾರ್ಡ್ ಎಂಬ ಹುಡುಗನನ್ನು 4,000 ಪೌಂಡಿಗೆ ತಂದಿದ್ದರು. ಟೇಲರ್ ಬಿಟ್ಟುಹೋದ ಮರು ಹಂಗಾಮಿನಲ್ಲಿ ಆ ಹುಡುಗ ಗೋಲಿನ ಮಳೆಗರೆದ, ಬ್ರೈಟನ್ ಮೇಲಕ್ಕೇರಿತು. ಬಿತ್ತಿದವರು ಟೇಲರ್, ಸುಗ್ಗಿ ಬೇರೆಯವರ ಕೈಗೆ ಬಂತು.

1976ರ ಜುಲೈನಲ್ಲಿ ಟೇಲರ್ ಮತ್ತೆ ಕ್ಲಫ್ ಬಳಿಗೆ ಬಂದರು. ಈ ಬಾರಿ ಹುಟ್ಟೂರಿಗೆ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ. ಕ್ಲಫ್ ಅಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತು. ತಂಡ ಇನ್ನೂ ಎರಡನೆಯ ಡಿವಿಷನ್ನಿನಲ್ಲೇ ಇತ್ತು. ಮುಂದಿನ ನಾಲ್ಕು ವರ್ಷ ಅಲ್ಲಿ ನಡೆದದ್ದನ್ನು ಇಂದಿಗೂ ಜನ ಬೆರಗಿನಿಂದ ಹೇಳುತ್ತಾರೆ. ಮೂರು ಜನರ ಕಥೆ ಹೇಳಿದರೆ ನಿಮಗೆ ಅರ್ಥವಾಗುತ್ತದೆ.

ಮೊದಲನೆಯವರು ಜಾನ್ ರಾಬರ್ಟ್‌ಸನ್. ಟೇಲರ್ ಬರುವ ಮೊದಲೇ ತಂಡದಲ್ಲಿದ್ದ ಸ್ಕಾಟ್ಲೆಂಡಿನ ಹುಡುಗ. ಮೈ ಬಂದಿತ್ತು, ಕೈಯಲ್ಲಿ ಸಿಗರೇಟು, ಓಟದಲ್ಲಿ ವೇಗವಿಲ್ಲ. ಜರ್ಮನಿಯ ಪ್ರವಾಸದಲ್ಲಿ ಟೇಲರ್ ಅವನನ್ನು ಹಿಡಿದು ನಿಲ್ಲಿಸಿ, ನೀನು ನಿನ್ನನ್ನೇ ಹಾಳುಮಾಡಿಕೊಳ್ಳುತ್ತಿದ್ದೀಯ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಬೈದು ಬಿಟ್ಟುಬಿಡಲಿಲ್ಲ. ಅವನ ಎರಡು ಕಾಲಿನಲ್ಲೂ ಚೆಂಡು ಮಾತು ಕೇಳುತ್ತದೆ ಎಂಬುದನ್ನೂ ಕಂಡಿದ್ದರು. ನಡುವಿನಲ್ಲಿ ಆಡುತ್ತಿದ್ದವನು ಎಡ ಅಂಚಿನ ವಿಂಗರ್ ಆಗಿ ನೆಲೆ ಕಂಡುಕೊಂಡ. ತಂಡದ ಆಟವೆಲ್ಲ ಆ ಎಡ ಅಂಚಿನಿಂದಲೇ ಹರಿಯತೊಡಗಿತು.

ಎರಡನೆಯವರು ಕೆನ್ನಿ ಬರ್ನ್ಸ್. ಬರ್ಮಿಂಗ್‌ಹ್ಯಾಮ್ ಸಿಟಿಯಲ್ಲಿ ಫಾರ್ವರ್ಡ್ ಆಗಿ ಆಡುತ್ತಿದ್ದ ಮುಂಗೋಪಿ. ಕುಡಿತ, ಜೂಜು ಎಂದೆಲ್ಲ ಕೆಟ್ಟ ಹೆಸರು. ಇಂಥವನನ್ನು ಕೊಳ್ಳಬಹುದೇ? ಟೇಲರ್ ಊರಿನವರ ಮಾತು ನಂಬಲಿಲ್ಲ. ನಾಯಿ ಓಟದ ಜೂಜು ನಡೆಯುವ ಕಡೆಗೆ, ಗುರುತು ಸಿಗದಂತೆ ವೇಷ ಬದಲಿಸಿ ತಾವೇ ಹೋದರು. ಬರ್ನ್ಸ್ ಹೇಗೆ ನಡೆದುಕೊಳ್ಳುತ್ತಾನೆಂದು ದೂರದಿಂದ ಕಣ್ಣಾರೆ ನೋಡಿದರು. ನೋಡಿ ಬಂದ ಮೇಲೆ, ಕೊಳ್ಳೋಣ ಎಂದರು. 1977ರ ಜುಲೈನಲ್ಲಿ 1,50,000 ಪೌಂಡಿಗೆ ಬಂದ ಆ ಫಾರ್ವರ್ಡ್ ಆಟಗಾರನನ್ನು ಡಿಫೆನ್ಸಿನ ನಟ್ಟನಡುವೆ ನಿಲ್ಲಿಸಿದರು. 1978ರಲ್ಲಿ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರನೆಂದು ಆರಿಸಿದ್ದು ಕೆನ್ನಿ ಬರ್ನ್ಸ್ ಅವರನ್ನೇ.

ಮೂರನೆಯವರು ಗ್ಯಾರಿ ಬರ್ಟಲ್ಸ್. ಮನೆಗಳಿಗೆ ಕಾರ್ಪೆಟ್ ಹಾಸುವ ಕೆಲಸ ಮಾಡಿಕೊಂಡು, ಲಾಂಗ್ ಈಟನ್ ಯುನೈಟೆಡ್ ಎಂಬ ಊರಮಟ್ಟದ ಕ್ಲಬ್ಬಿಗೆ ಆಡುತ್ತಿದ್ದ ಹುಡುಗ. ಮೊದಲ ನೋಟಕ್ಕೆ ಕ್ಲಫ್ ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಟೇಲರ್ ಕೈಬಿಡಲಿಲ್ಲ. 2,000 ಪೌಂಡ್ ಕೊಟ್ಟು ತಂದರು. 1978ರ ಸೆಪ್ಟೆಂಬರ್‌ನಲ್ಲಿ, ಯುರೋಪಿನ ಹಾಲಿ ಚಾಂಪಿಯನ್ ಲಿವರ್‌ಪೂಲ್ ಎದುರಿನ ಪಂದ್ಯದಲ್ಲಿ ಗೋಲು ಹೊಡೆದು ಆ ಹುಡುಗ ಮನೆಮಾತಾದ. ಎರಡು ವರ್ಷದ ಬಳಿಕ ಅವನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಿಟ್ಟುಕೊಟ್ಟಾಗ ಫಾರೆಸ್ಟ್‌ಗೆ ಬಂದದ್ದು ಹನ್ನೆರಡೂವರೆ ಲಕ್ಷ ಪೌಂಡ್. ಟೇಲರ್ ಅವರ ಇನ್ನೊಂದು ನಿಯಮವೂ ಇದರಲ್ಲಿದೆ. ಗೆಲ್ಲುತ್ತಿರುವ ತಂಡ ಒಳಗೊಳಗೇ ಸಡಿಲವಾಗತೊಡಗುವ ಗಳಿಗೆಯನ್ನು ಬೇರೆಯವರಿಗಿಂತ ಮೊದಲೇ ಗುರುತಿಸಬೇಕು, ಕೊಳ್ಳುವ ಕಾಲದಂತೆ ಬಿಟ್ಟುಕೊಡುವ ಕಾಲವೂ ಗೊತ್ತಿರಬೇಕು ಎಂದು ಅವರು ನಂಬಿದ್ದರು.

ತಾವೇ ಗೋಲ್‌ಕೀಪರ್ ಆಗಿದ್ದವರು ಆ ಜಾಗದ ಬೆಲೆ ಮರೆಯುವುದುಂಟೇ? 1977ರಲ್ಲಿ ಸ್ಟೋಕ್ ಸಿಟಿಯಿಂದ ದೊಡ್ಡ ಮೊತ್ತಕ್ಕೆ ಪೀಟರ್ ಶಿಲ್ಟನ್ ಬಂದರು. ಒಬ್ಬ ಗೋಲ್‌ಕೀಪರ್‌ಗೆ ಇಷ್ಟು ಹಣವೇ ಎಂದು ಕೇಳಿದವರಿದ್ದರು. 1977-78ರ ಹಂಗಾಮಿನ 42 ಪಂದ್ಯಗಳಲ್ಲಿ ಫಾರೆಸ್ಟ್ ಬಿಟ್ಟುಕೊಟ್ಟ ಗೋಲು 24 ಮಾತ್ರ. ಹಿಂದಿನ ವರ್ಷವಷ್ಟೇ ಎರಡನೆಯ ಡಿವಿಷನ್ನಿನಿಂದ ಮೇಲೆ ಬಂದಿದ್ದ ತಂಡ, ಏಳು ಅಂಕಗಳ ಅಂತರದಿಂದ ಇಂಗ್ಲೆಂಡಿನ ಚಾಂಪಿಯನ್ ಆಯಿತು. 1977ರ ನವೆಂಬರ್‌ನಿಂದ 1978ರ ಡಿಸೆಂಬರ್‌ವರೆಗೆ ಲೀಗಿನ 42 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ.

ಹುಡುಗರ ಮನಸ್ಸಿನ ಬಿಗುವು ಸಡಿಲಿಸುವುದರಲ್ಲೂ ಟೇಲರ್ ನಿಸ್ಸೀಮರು. 1979ರ ಲೀಗ್ ಕಪ್ ಫೈನಲ್ಲಿನ ಹಿಂದಿನ ರಾತ್ರಿ, ಎಲ್ಲ ತಂಡಗಳೂ ಬೇಗ ಮಲಗಿಸುವ ಹೊತ್ತಿನಲ್ಲಿ, ಫಾರೆಸ್ಟ್ ಆಟಗಾರರನ್ನು ಹೋಟೆಲಿನಲ್ಲಿ ಒಟ್ಟಿಗೆ ಕೂರಿಸಿ ಶಾಂಪೇನ್ ಕೊಡಿಸಿದರು. ಮಲಗಬೇಕೆಂದವರನ್ನೂ ಏಳಗೊಡಲಿಲ್ಲ. ಟೇಲರ್ ಹಳೆಯ ಕಥೆಗಳನ್ನು ಹೇಳಿ ನಗಿಸಿದರು. ಮರುದಿನ ಮೊದಲರ್ಧದಲ್ಲಿ ಹಿಂದೆ ಬಿದ್ದ ತಂಡ ಕೊನೆಗೆ 3-2ರಿಂದ ಗೆದ್ದಿತು.

ಈಗ 1980ರ ಮೇ 28ಕ್ಕೆ ಬನ್ನಿ. ಸ್ಪೇನಿನ ಮ್ಯಾಡ್ರಿಡ್. ಯುರೋಪಿಯನ್ ಕಪ್ ಫೈನಲ್. ಹಿಂದಿನ ವರ್ಷ ಮ್ಯೂನಿಕ್‌ನಲ್ಲಿ ಸ್ವೀಡನ್ನಿನ ಮಾಲ್ಮೊ ತಂಡವನ್ನು ಮಣಿಸಿ ಕಪ್ ಗೆದ್ದಿದ್ದ ಫಾರೆಸ್ಟ್, ಈಗ ಜರ್ಮನಿಯ ಹ್ಯಾಂಬರ್ಗ್ ಎದುರು ನಿಂತಿದೆ. ಮ್ಯೂನಿಕ್‌ನಲ್ಲಿ ಗೆಲುವಿನ ಗೋಲು ಹೊಡೆದ, ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರ ಟ್ರೆವರ್ ಫ್ರಾನ್ಸಿಸ್ ಗಾಯಗೊಂಡು ಹೊರಗಿದ್ದಾರೆ. ಮುಂದಿನ ಸಾಲಿನಲ್ಲಿ ಇರುವುದು ಕಾರ್ಪೆಟ್ ಹಾಸುತ್ತಿದ್ದ ಬರ್ಟಲ್ಸ್. ಎಡ ಅಂಚಿನಿಂದ ಒಳನುಗ್ಗಿದ ರಾಬರ್ಟ್‌ಸನ್ ಚೆಂಡನ್ನು ಬರ್ಟಲ್ಸ್‌ಗೆ ಕೊಟ್ಟರು. ಬರ್ಟಲ್ಸ್ ನೆಲಕ್ಕೆ ಬೀಳುತ್ತಲೇ ಅದನ್ನು ಹಿಂದಿರುಗಿಸಿದರು. ರಾಬರ್ಟ್‌ಸನ್ ಬಲಗಾಲಿನಲ್ಲಿ ಹೊಡೆದ ಚೆಂಡು ಕಂಬಕ್ಕೆ ತಾಗಿ ಒಳಸೇರಿತು. ಆ ಒಂದು ಗೋಲನ್ನು ಕಾಯ್ದವರು ಹಿಂದೆ ನಿಂತ ಬರ್ನ್ಸ್, ಗೋಲಿನಲ್ಲಿ ಶಿಲ್ಟನ್. ಕೊನೆಗೆ ಕಪ್ ಎತ್ತಿ ಹಿಡಿದ ನಾಯಕ ಯಾರು ಗೊತ್ತೇ? ಹಾರ್ಟ್ಲಿಪೂಲ್ಸ್‌ನಲ್ಲಿ ಹದಿನಾರನೆಯ ವಯಸ್ಸಿಗೆ ಕಣಕ್ಕಿಳಿದಿದ್ದ ಜಾನ್ ಮೆಕ್‌ಗವರ್ನ್. ಟೇಲರ್ ಹದಿನೈದು ವರ್ಷಗಳಿಂದ ಕಂಡು ತಂದವರು, ತಿದ್ದಿದವರು, ಜಾಗ ಬದಲಿಸಿದವರು ಆ ರಾತ್ರಿ ಒಂದೇ ಮೈದಾನದಲ್ಲಿ ನಿಂತಿದ್ದರು.

ಮುಂದಿನದು ನೋವಿನ ಮಾತು. ಅದೇ ವರ್ಷ ಟೇಲರ್ ತಮ್ಮಿಬ್ಬರ ಬಗ್ಗೆ ಒಂದು ಪುಸ್ತಕ ಬರೆದರು. ತನಗೆ ತಿಳಿಸದೆ ಬರೆದನಲ್ಲ ಎಂದು ಕ್ಲಫ್ ನೊಂದುಕೊಂಡರು. 1982ರಲ್ಲಿ ಟೇಲರ್ ನಿವೃತ್ತರಾದರು. ಕೆಲವೇ ತಿಂಗಳಲ್ಲಿ ಕಷ್ಟದಲ್ಲಿದ್ದ ಡರ್ಬಿ ಕೌಂಟಿ ಕರೆಯಿತು, ಮ್ಯಾನೇಜರ್ ಆಗಿ ಮರಳಿದರು. 1983ರಲ್ಲಿ ಫಾರೆಸ್ಟ್‌ನಿಂದ ಜಾನ್ ರಾಬರ್ಟ್‌ಸನ್ ಅವರನ್ನು ಡರ್ಬಿಗೆ ಸೇರಿಸಿಕೊಂಡರು. ಕ್ಲಫ್ ಆಗ ಊರಿನಲ್ಲಿರಲಿಲ್ಲ. ತನಗೊಂದು ಮಾತೂ ಹೇಳದೆ ಹೀಗೆ ಮಾಡಿದನೆಂದು ಸಿಟ್ಟಾದರು, ಪತ್ರಿಕೆಗಳಲ್ಲಿ ಕಟುವಾಗಿ ಮಾತಾಡಿದರು. ಇಪ್ಪತ್ತೆಂಟು ವರ್ಷದ ಗೆಳೆತನ ಅಲ್ಲಿಗೆ ಮುರಿಯಿತು. ಆಮೇಲೆ ಇಬ್ಬರೂ ಮಾತಾಡಲೇ ಇಲ್ಲ. ಡರ್ಬಿ ಕೆಳಗಿನ ಡಿವಿಷನ್ನಿಗೆ ಜಾರುವ ಹೊತ್ತಿಗೆ, 1984ರ ಏಪ್ರಿಲ್‌ನಲ್ಲಿ ಟೇಲರ್ ಕೆಲಸ ಬಿಟ್ಟರು. ಅತ್ತ ಟೇಲರ್ ಹೋದ ಮೇಲೆ ಕ್ಲಫ್ ಹನ್ನೊಂದು ವರ್ಷ ಫಾರೆಸ್ಟ್ ನಡೆಸಿದರು. ಆದರೆ ಲೀಗಿನ ಪಟ್ಟವಾಗಲಿ ಯುರೋಪಿನ ಕಪ್ಪಾಗಲಿ ಮತ್ತೆ ಬರಲಿಲ್ಲ.

ಎಲ್ಲರ ಜಾಗ ಕಂಡವರಿಗೆ ತಮ್ಮ ಜಾಗವೂ ಗೊತ್ತಿತ್ತು, ಅದು ಕ್ಲಫ್ ಅವರ ಪಕ್ಕ. ನಾನು ಅಂಗಡಿಯ ಮುಂಭಾಗ, ಒಳಗಿನ ಸರಕೆಲ್ಲ ಪೀಟರ್ ಎಂಬರ್ಥದ ಮಾತನ್ನು ಕ್ಲಫ್ ಅವರೇ ಹಿಂದೆ ಹೇಳಿದ್ದರು. ಇಬ್ಬರೂ ದೊಡ್ಡವರು. ಆ ಮುನಿಸಿಗೆ ಯಾರು ಎಷ್ಟು ಹೊಣೆ ಎಂದು ತೂಗುವುದು ನನ್ನ ಕೆಲಸವಲ್ಲ. ಒಂದು ಫೋನ್ ಕರೆಯಲ್ಲಿ ಮುಗಿಯಬಹುದಾಗಿದ್ದ ಮಾತು ಏಳು ವರ್ಷ ಹಾಗೇ ಉಳಿಯಿತಲ್ಲ, ಅದು ನನ್ನನ್ನು ಕಾಡುತ್ತದೆ. 1990ರ ಅಕ್ಟೋಬರ್ 4ರಂದು, ಮಯೋರ್ಕಾದಲ್ಲಿ, 62ನೆಯ ವಯಸ್ಸಿನಲ್ಲಿ ಪೀಟರ್ ಟೇಲರ್ ತೀರಿಕೊಂಡರು. ಕ್ಲಫ್ ಅಂತ್ಯಕ್ರಿಯೆಗೆ ಹೋದರು. 1994ರಲ್ಲಿ ತಮ್ಮ ಆತ್ಮಕಥೆ ಬಂದಾಗ ಅದನ್ನು ಟೇಲರ್ ಅವರಿಗೇ ಅರ್ಪಿಸಿದರು.

ಕೇಳುಗರೆ, ಮುಂದಿನ ಸಲ ನೀವು ಯಾವುದೇ ಆಟದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಬೆಳಗುವುದನ್ನು ಕಂಡಾಗ, ಇವರನ್ನು ಮೊದಲು ಕಂಡವರು ಯಾರು ಎಂದು ದಯವಿಟ್ಟು ಒಮ್ಮೆ ಕೇಳಿ. ಆ ಹೆಸರು ಅಂಕಪಟ್ಟಿಯಲ್ಲಿ ಇರುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಟೇಲರ್ ಅವರ ಹೆಸರು ಸಲ್ಲಬೇಕಾದ ಜಾಗಕ್ಕೆ ಬರಲು ಕಾಲ ಹಿಡಿಯಿತು. 2010ರಲ್ಲಿ ಡರ್ಬಿಯ ಕ್ರೀಡಾಂಗಣದ ಬಳಿ ಇಬ್ಬರೂ ಜೊತೆಯಾಗಿ ನಿಂತ ಪ್ರತಿಮೆ ಬಂತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತನ್ನ ಸಿಟಿ ಗ್ರೌಂಡ್ ಕ್ರೀಡಾಂಗಣದ ಮುಖ್ಯ ಸ್ಟ್ಯಾಂಡಿಗೆ ಪೀಟರ್ ಟೇಲರ್ ಹೆಸರಿಟ್ಟದ್ದು 2015ರಲ್ಲಿ, ಅವರು ತೀರಿಕೊಂಡು ಇಪ್ಪತ್ತೈದು ವರ್ಷಗಳಾದ ಮೇಲೆ. ಅಲ್ಲಿ ಕೂತು ನೋಡಿದರೆ ಮೈದಾನದ ಆಚೆ ಬದಿಯಲ್ಲಿ, ನೇರ ಎದುರಿಗೆ ಕಾಣುವುದು ಬ್ರಯಾನ್ ಕ್ಲಫ್ ಸ್ಟ್ಯಾಂಡ್.